ಕಣ್ಣು ಕೈ ಮೇಲಿರಲಿ

ಡ್ರಿಲ್ ಟೀಚರ್ ತೀರಿಕೊಂಡ ಮೇಲೆ ಕವಿತಾಳದ ನಮ್ಮ ಹೈಸ್ಕೂಲಿನಲ್ಲಿ ಒಂದು ಸಂತಾಪ ಸಭೆ ಮಾಡಿದೆವು. ಮೈಕಿನ ಮುಂದೆ ಬಂದವರೆಲ್ಲ ಅವರ ತೋಳಿನ ಬಲವನ್ನೇ ಹೊಗಳಿದರು. ಗಂಡಸರನ್ನೂ ಮಣಿಸಿದ ಗಟ್ಟಿಗಿತ್ತಿ ಎಂದರು, ಉಕ್ಕಿನ ಹೆಣ್ಣು ಎಂದರು. ಪಂಜಾ ಕುಸ್ತಿಯ ಪದಕ ಹಾಕಿಕೊಂಡ ಅವರ ಫೋಟೋಕ್ಕೆ ಸೇವಂತಿಗೆ ಹಾರ ಬಿದ್ದಿತ್ತು. ಬಲ ಎಂಬ ಮಾತು ಅವರಿಗೆ ಎಂದೂ ಸೇರುತ್ತಿರಲಿಲ್ಲ. "ಬಲ ಎತ್ತಿಗೂ ಅದರಿ ಮೇಡಂ. ಎತ್ತು ಬಂದು ಪಂಜಾ ಹಿಡೀತದೇನು?" ಎನ್ನುತ್ತಿದ್ದರು. ನನ್ನನ್ನೂ ಮಾತಾಡಲು ಕರೆದರು. ಎದ್ದು ನಿಂತು ಎರಡು ಮಾತು ಆಡಿ ಕೂತೆ. ನನಗೆ ಗೊತ್ತಿದ್ದದ್ದು ಮೈಕಿನ ಮುಂದೆ ಹೇಳುವಂಥದ್ದಲ್ಲ.

ನಾವಿಬ್ಬರೂ ಮಾನ್ವಿಯಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡು ಕವಿತಾಳಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆವು. ನಾನು ಕನ್ನಡ ಕಲಿಸುವವಳು, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವಳು. ಅವರು ಬಂದ ಹೊಸದರಲ್ಲಿ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಸೀಟು ಖಾಲಿ ಇದ್ದರೂ ಅವರು ಕೂಡದೇ ಇದ್ದದ್ದು. ಮೇಲಿನ ಕಂಬಿಯನ್ನು ಅಂಗೈಯಿಂದ ಹಿಡಿಯದೆ ಬೆರಳ ತುದಿಯಿಂದ ಹಿಡಿದು ನಿಂತಿರುತ್ತಿದ್ದರು. ಬಸ್ಸು ಹೊಂಡಕ್ಕೆ ಬಿದ್ದಾಗ ಉಳಿದವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವರು ಸ್ವಲ್ಪ ತೂಗಿ ಮತ್ತೆ ನೆಟ್ಟಗಾಗುತ್ತಿದ್ದರು.

"ಕುಂದರಬಾರದೇನ್ರಿ ಟೀಚರ್? ಸೀಟು ಅದ," ಎಂದೆ ಒಮ್ಮೆ.

"ಕುಂತ್ರ ಬೆರಳು ನಿದ್ದಿ ಮಾಡ್ತಾವ್ರಿ," ಎಂದು ನಕ್ಕರು.

ನೋಡಿದರೆ ಪೈಲ್ವಾನರ ಮೈಯಲ್ಲ. ಕುಳ್ಳಗೆ, ತೆಳ್ಳಗೆ ಇದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿರುತ್ತಿದ್ದರು. ಉಗುರನ್ನು ಮಾಂಸ ಕಾಣುವಷ್ಟು ಕತ್ತರಿಸಿರುತ್ತಿದ್ದರು. ಬಳೆ ಹಾಕುತ್ತಿರಲಿಲ್ಲ. ಬಲಗೈ ಮಣಿಕಟ್ಟಿಗೆ ಕಂದು ಬಣ್ಣದ ಪಟ್ಟಿಯೊಂದು ಸದಾ ಇರುತ್ತಿತ್ತು. ಒಂದು ದಿನ ಬಸ್ಸಿಳಿಯುವಾಗ ಪುಸ್ತಕದ ಚೀಲ ಹಿಡಿದ ನನ್ನ ಕೈಯನ್ನು ಸುಮ್ಮನೆ ಮುಟ್ಟಿ, "ನಿಮ್ಮ ಕಿರುಬೆರಳು ಮೈಗಳ್ಳ ಅದ ನೋಡ್ರಿ. ಭಾರ ಎಲ್ಲಾ ಉಳಿದ ಮೂರರ ಮ್ಯಾಲ ಹಾಕ್ಯದ," ಎಂದರು. ಮನೆಗೆ ಹೋಗಿ ನೋಡಿಕೊಂಡೆ. ನಿಜವಾಗಿತ್ತು. ಯಾರ ಕೈ ಮುಟ್ಟಿದರೂ ಅವರಿಗೆ ಅದರೊಳಗೆ ಯಾವುದು ದುಡಿಯುತ್ತಿದೆ, ಯಾವುದು ಕೂತಿದೆ ಎಂದು ತಿಳಿದುಬಿಡುತ್ತಿತ್ತು.

ಅವರ ಊರು ದೇವದುರ್ಗ ತಾಲೂಕಿನ ಜಾಲಹಳ್ಳಿ. ತಾಯಿ ಬೇಗ ತೀರಿಕೊಂಡಿದ್ದರು. ತಂದೆ ಕೂಲಿ ಮಾಡುತ್ತಿದ್ದವರು, ಅವರೂ ಹೋದರು. ಉಳಿದವನು ಒಬ್ಬ ತಮ್ಮ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಇವರೇ. ರಾಯಚೂರಿನಲ್ಲಿ ಓಟದ ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಅಲ್ಲಿನ ಒಂದು ಜಿಮ್ಮಿನ ಹುಡುಗರು ಟೇಬಲ್ಲಿನ ಮೇಲೆ ಮೊಳಕೈ ಊರಿ ಪಂಜಾ ಹಿಡಿಯುವುದನ್ನು ನೋಡಿದರಂತೆ. ತಾನೂ ಕೂಡುತ್ತೇನೆ ಎಂದಾಗ ಹುಡುಗರು ನಕ್ಕು ಕೈ ಕೊಟ್ಟರಂತೆ. ಎಲ್ಲರ ಹತ್ತಿರ ಸೋತು ಬಂದರು. ಮುಂದಿನ ಭಾನುವಾರ ಮತ್ತೆ ಹೋದರು, ಮತ್ತೆ ಸೋತರು. ಹಾಗೆ ಸೋಲುತ್ತ ಸೋಲುತ್ತ ಕಲಿತರು.

ಮಾನ್ವಿಯ ಅವರ ಬಾಡಿಗೆ ಮನೆಯೇ ತಾಲೀಮು ಖಾನೆ. ಕಿಟಕಿಯ ಸರಳಿಗೆ ಸೈಕಲ್ ಟ್ಯೂಬು ಕಟ್ಟಿ ಎಳೆಯುತ್ತಿದ್ದರು. ಉಸುಕು ತುಂಬಿದ ಗಡಿಗೆಯನ್ನು ಬಾಯಂಚಿನಲ್ಲಿ ಐದೇ ಬೆರಳಿನಿಂದ ಹಿಡಿದು ಪಡಸಾಲೆಯ ಉದ್ದಕ್ಕೂ ನಡೆಯುತ್ತಿದ್ದರು. ಕೋಲಿಗೆ ಹಗ್ಗ ಸುತ್ತಿ, ಹಗ್ಗದ ತುದಿಗೆ ಕಲ್ಲು ಕಟ್ಟಿ, ಮಣಿಕಟ್ಟು ತಿರುವಿ ತಿರುವಿ ಅದನ್ನು ಮೇಲೆತ್ತುತ್ತಿದ್ದರು. ಓಣಿಯ ಹೆಂಗಸರು ಕೌದಿ ಒಗೆದ ದಿನ, "ಟೀಚರ್ರೇ, ಹಿಂಡಾಕ ಬರ್ರಿ," ಎಂದು ಕೂಗುತ್ತಿದ್ದರು. ಇಬ್ಬರು ಹಿಡಿದರೂ ನೀರು ಬಿಡದ ಕೌದಿಯನ್ನು ಇವರು ಒಬ್ಬರೇ ಹುರಿ ಮಾಡಿ ಹಿಂಡುತ್ತಿದ್ದರು. ಆದರೆ ದಿನಾ ತಾಲೀಮು ಮಾಡುತ್ತಿರಲಿಲ್ಲ. "ಮಾಂಸ ಲಗೂನ ಬೆಳೀತದ, ನರ ಬೆಳಿಯಾಕ ವರ್ಷ ಬೇಕು. ಮಾಂಸದ ಮಾತು ಕೇಳಿ ನರ ಹರಕೊಂಡವರು ಭಾಳ ಮಂದಿ ಅದಾರ," ಎನ್ನುತ್ತಿದ್ದರು.

ಒಮ್ಮೆ ಸ್ಟಾಫ್ ರೂಮಿನಲ್ಲಿ ನನ್ನನ್ನೇ ಎದುರಿಗೆ ಕೂಡಿಸಿಕೊಂಡು ತೋರಿಸಿದರು. ಮೊಳಕೈ ಊರಿ ಕೈ ಕೊಟ್ಟೆ. ನಾನು ಹಲ್ಲು ಕಚ್ಚಿ ಪಕ್ಕಕ್ಕೆ ನೂಕುತ್ತಿದ್ದರೆ ಅವರು ಪಕ್ಕಕ್ಕೆ ನೂಕಲೇ ಇಲ್ಲ. ನನ್ನ ಕೈಯನ್ನು ಮೆಲ್ಲಗೆ ತಮ್ಮ ಎದೆಯ ಕಡೆಗೆ ಎಳೆದುಕೊಂಡರು. ನನ್ನ ಬೆರಳು ತಾವಾಗಿಯೇ ಬಿಚ್ಚಿಕೊಂಡವು, ಮಣಿಕಟ್ಟು ಹಿಂದಕ್ಕೆ ಬಾಗಿತು.

"ನಿಮ್ಮ ತೋಳಿನ ತಂಟಿಗೆ ನಾ ಹೋಗೇ ಇಲ್ಲ ನೋಡ್ರಿ. ಬೆರಳು ಬಿಚ್ಚಿದ್ರ ಅಂಗೈ ಬಿಚ್ತದ. ಅಂಗೈ ಬಿಚ್ಚಿದ್ರ ಮಣಿಕಟ್ಟು ಸೋಲ್ತದ. ಮಣಿಕಟ್ಟು ಸೋತ ಮ್ಯಾಲ ತೋಳು ಒಂದ ಏನ್ ಮಾಡ್ತದ, ಪಾಪ."

ಇದಕ್ಕೆ ಟಾಪ್ ರೋಲ್ ಅನ್ನುತ್ತಾರಂತೆ. ಇನ್ನೊಂದು ಪಟ್ಟು ಹುಕ್ಕು. ಮಣಿಕಟ್ಟನ್ನು ಒಳಗೆ ಕೊಕ್ಕೆಯ ಹಾಗೆ ಬಾಗಿಸಿ, ಎದುರಿನವರನ್ನೂ ಆ ಕೊಕ್ಕೆಯೊಳಗೆ ಸಿಕ್ಕಿಸಿಕೊಂಡು, ಮೈ ಭಾರವನ್ನೆಲ್ಲ ಹಾಕಿ ಎಳೆಯುವುದು. ಹುಕ್ಕಿನಲ್ಲಿ ಸಿಕ್ಕವರು ಹೊರಗೆ ಬರುವುದು ಕಷ್ಟ. ಶಾಲೆಯ ಹುಡುಗಿಯರು ಎಷ್ಟು ಬೇಡಿಕೊಂಡರೂ ಟೀಚರ್ ಅದನ್ನು ಕಲಿಸುತ್ತಿರಲಿಲ್ಲ.

ಹೌದು, ಶಾಲೆಯಲ್ಲಿ ಹುಡುಗಿಯರಿಗೂ ಕಲಿಸುತ್ತಿದ್ದರು. ಬಡಿಗನಿಂದ ಒಂದು ಟೇಬಲ್ ಮಾಡಿಸಿ, ಎಡಗೈಯಲ್ಲಿ ಹಿಡಿದುಕೊಳ್ಳಲು ಎರಡು ಕಡೆ ಗೂಟ ನೆಡಿಸಿದ್ದರು. ಮಧ್ಯಾಹ್ನದ ಊಟ ಆದ ಮೇಲೆ ಬೇವಿನ ಗಿಡದ ಕೆಳಗೆ ಪಾಠ. ಮೊದಲ ಪಾಠ ಗೆಲ್ಲುವುದಲ್ಲ, ಸೋಲುವುದು. "ಸೋಲೋದಾದ್ರ ಕೈ ಜೋಡಿ ಸೋಲ್ರಿ. ಕೈ ಎಲ್ಲಿ ಹೊಂಟದೋ ಮೈ ಅಲ್ಲೇ ಹೋಗಬೇಕು. ಕಣ್ಣು ಕೈ ಮ್ಯಾಲ ಇರ್ಲಿ. ಮುಖ ಆ ಕಡಿ ತಿರುಗಿದ್ರ ಭುಜ ತಿರುಗ್ತದ. ಭುಜ ಮುಂದ ಹೋಗಿ ಕೈ ಹಿಂದ ಉಳೀತಂದ್ರ ನಡುವಿನ ಎಲುಬು ಕೌದಿ ಹಿಂಡಿದಂಗ ಹಿಂಡ್ತದ. ಆಮ್ಯಾಲ ನೀವಿಲ್ಲ, ನಾನಿಲ್ಲ." ಹುಡುಗಿಯರು ಕಿಸಿಕಿಸಿ ನಗುತ್ತಿದ್ದರು. ಅವರು ನಗುತ್ತಿರಲಿಲ್ಲ. ಯಾವಳಾದರೂ ಮುಖ ತಿರುಗಿಸಿದರೆ ಆ ಕ್ಷಣವೇ ಇಬ್ಬರ ಕೈಯನ್ನೂ ಬಿಡಿಸುತ್ತಿದ್ದರು.

ತಮ್ಮ ದೇವದುರ್ಗದಲ್ಲಿ ಮೋಟಾರ್ ಸೈಕಲ್ ಗ್ಯಾರೇಜು ಇಟ್ಟಿದ್ದ. ಒಳ್ಳೆಯ ಕಸಬುದಾರ. ತುಕ್ಕು ಹಿಡಿದು ಯಾರ ಕೈಗೂ ಬಾರದ ನಟ್ಟು ಅವನ ಕೈಗೆ ಬರುತ್ತಿತ್ತು. ಅಕ್ಕ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನೇರ ಅಲ್ಲಿಗೇ ಹೋಗುತ್ತಿದ್ದರು. ಅಕ್ಕನ ಆಟವೆಂದರೆ ಅವನಿಗೆ ತಮಾಷೆ. "ನಾ ದಿನಾ ನಟ್ಟಿಗೆ ಪಾನಾ ಹಾಕಿ ತಿರುವ್ತೀನಿ, ಅದ ನನ್ನ ತಾಲೀಮು. ನಿನ್ನ ಗಡಗಿ, ಟ್ಯೂಬು ಎಲ್ಲಾ ಹೆಣ್ಮಕ್ಕಳ ಆಟ ಬಿಡಕ್ಕಾ," ಎನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಅವರೂ ನಗುತ್ತಿದ್ದರು. ಆದರೆ ಸೋಮವಾರ ಬಸ್ಸಿನಲ್ಲಿ ಅದನ್ನು ನನಗೆ ಹೇಳುವಾಗ ನಗುತ್ತಿರಲಿಲ್ಲ. "ಜಿಮ್ಮಿನ ಹುಡುಗರು ನನ್ನ ನೋಡಿ ನಗೋದು ಬಿಟ್ಟಾರ. ಇಂವಾ ಒಬ್ಬಾವ ಇನ್ನೂ ಬಿಟ್ಟಿಲ್ಲ," ಎಂದಿದ್ದರು ಒಮ್ಮೆ.

ರಾಜ್ಯ ಮಟ್ಟದಲ್ಲಿ ಅವರಿಗೆ ಪದಕ ಬಂತು. ಮುಂದೆ ರಾಷ್ಟ್ರ ಮಟ್ಟಕ್ಕೂ ಆಯ್ಕೆಯಾದರು. ತಮ್ಮನ ದೇವದುರ್ಗದ ಗೆಳೆಯರು, ಹೆಚ್ಚಿನವರು ಗ್ಯಾರೇಜಿನ ಸುತ್ತಲಿನವರೇ, ಸೇರಿ ಒಂದು ಕಲ್ಯಾಣ ಮಂಟಪದಲ್ಲಿ ಸನ್ಮಾನ ಇಟ್ಟುಕೊಂಡರು. ನಾನೂ ಹೋಗಿದ್ದೆ. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿದ ಮೇಲೆ ಮುಂದೆ ಕೂತ ಹುಡುಗರು, "ಒಂದು ಕೈ ನೋಡೋಣ್ರಿ ಟೀಚರ್," ಎಂದು ಗಲಾಟೆ ಎಬ್ಬಿಸಿದರು. ಹಣ್ಣಿನ ಬುಟ್ಟಿ ಇಟ್ಟಿದ್ದ ಟೇಬಲ್ಲನ್ನೇ ನಡುವೆ ಎಳೆದರು. ಇಬ್ಬರು ಮೂವರು ಬಂದು ಕೂತರು, ಸೋತರು, ನಗುತ್ತ ಎದ್ದು ಹೋದರು. ಆಮೇಲೆ ಯಾರೋ ತಮ್ಮನನ್ನು ನೂಕಿದರು. ಅವನು ತೋಳು ಮಡಚುತ್ತ ಬಂದ. ಇಡೀ ಮಂಟಪ ಸಿಳ್ಳೆ ಹಾಕಿತು.

"ಬ್ಯಾಡೋ," ಎಂದರು ಅವರು. "ಗೂಟ ಇಲ್ಲ, ಏನಿಲ್ಲ."

"ಹೆದರಿದ್ಯಾ ಅಕ್ಕಾ?" ಎಂದ.

ಕೈ ಕೊಟ್ಟರು. ನಾನು ಹತ್ತಿರದಲ್ಲೇ ಇದ್ದೆ. ಅವನು ಒಂದೇ ಸಲಕ್ಕೆ ಎಲ್ಲ ಬಲ ಹಾಕಿದ. ಇವರು ಹುಕ್ಕಿನೊಳಗೆ ಅವನನ್ನು ಹಿಡಿದು ಅಲ್ಲಾಡದೆ ಕೂತರು. ಅವನ ಕತ್ತಿನ ನರ ಉಬ್ಬಿತು. ಕೈ ಮೆಲ್ಲಗೆ ಸೋಲತೊಡಗಿತು. ಆಗ ಅವನು ಮೈಯನ್ನೆಲ್ಲ ಎಡಕ್ಕೆ ಎಸೆದು, ಗೆಳೆಯರು ಕೂತ ಕಡೆ ಮುಖ ತಿರುಗಿಸಿ ನಕ್ಕ.

"ತಿರುಗಬ್ಯಾಡ," ಎಂದರು ಅಕ್ಕ. ಅವನು ಇನ್ನೂ ನಗುತ್ತಲೇ ಇದ್ದ. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು.

ಟೇಬಲ್ಲಿನ ಕಾಲು ಮುರಿಯಿತೆಂದು ಎಲ್ಲರೂ ಕೆಳಗೆ ಬಗ್ಗಿ ನೋಡಿದರು. ತಮ್ಮ ಮಾತ್ರ ತನ್ನ ತೋಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಮೊಳಕೈಯ ಮೇಲೆ ತೋಳು ಬಾಗಬಾರದ ಕಡೆ ಬಾಗಿತ್ತು. ಆಮೇಲೆ ಅವನು ಕೂಗಿದ. ಅವರು ಅವನ ಕೈಯನ್ನು ಬಿಟ್ಟಿರಲಿಲ್ಲ. ಅಲ್ಲಾಡಬಾರದೆಂದು ಹಾಗೇ ಎದೆಗೆ ಒತ್ತಿ ಹಿಡಿದುಕೊಂಡು ರಾಯಚೂರಿನ ದವಾಖಾನೆಯವರೆಗೂ ಜೀಪಿನಲ್ಲಿ ಕೂತು ಬಂದರು.

ಆಪರೇಷನ್ ಮಾಡಿ ಎಲುಬಿಗೆ ಸ್ಟೀಲಿನ ಪಟ್ಟಿ ಹಾಕಿದರು. ಎಲುಬು ಕೂಡಿತು. ಆದರೆ ಎಲುಬಿಗೆ ಅಂಟಿಕೊಂಡು ಹೋಗುವ ನರ ಹಿಂಡಿಹೋಗಿತ್ತು. ಮಣಿಕಟ್ಟು ಬಾಡಿದ ಎಲೆಯ ಹಾಗೆ ಜೋತುಬಿತ್ತು. ಮುಷ್ಟಿ ಕಟ್ಟಲು ಹೋದರೆ ಬಲವಿಲ್ಲ, ಬೆರಳು ಬಿಚ್ಚಲಂತೂ ಆಗುವುದೇ ಇಲ್ಲ. ನರ ತಿರುಗಿ ಬರಬಹುದು, ಬಾರದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು. ಬರಬಹುದು ಎಂಬುದನ್ನಷ್ಟೇ ಟೀಚರ್ ಕೇಳಿಸಿಕೊಂಡರು.

ರಾಷ್ಟ್ರ ಮಟ್ಟದ ಸ್ಪರ್ಧೆಗೆ ಹೋಗಲಿಲ್ಲ. ರಾಯಚೂರಿನ ಜಿಮ್ಮಿನ ಕಡೆ ಮತ್ತೆ ಕಾಲಿಡಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗಿನ ಟೇಬಲ್ಲಿನ ಗೂಟಗಳನ್ನು ಕೈಯಾರೆ ಕೀಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ನಿಮ್ಮದೇನ್ ತಪ್ಪು ಟೀಚರ್? ತಿರುಗಬ್ಯಾಡ ಅಂತ ಹೇಳಿದ್ರಿ. ನಾನ ಕೇಳೀನಿ," ಎಂದೆ.

ಎರಡನೆಯ ಗೂಟ ಬರಲಿಲ್ಲ. ಕೈ ತೆಗೆದು ನೆಲಕ್ಕೆ ಕೂತರು.

"ಹೇಳಿದೆ ಖರೆ. ಹೇಳಿದ ಮ್ಯಾಲ ಬಿಡಬೇಕಿತ್ತಲ್ರಿ? ಅವನ ಎಲುಬು ಹುರಿ ಆಗಾಕತ್ತದ ಅನ್ನೋದು ನನ್ನ ಅಂಗೈಗೆ ಬಂದಿತ್ತು. ಬೆರಳು ಸಡಿಲ ಬಿಟ್ಟಿದ್ರ ಮುಗೀತಿತ್ತು. ಹುಡುಗ್ಯಾರದಾಗಿದ್ರ ಬಿಡ್ತಿದ್ದೆ." ಅಂಗೈ ಒರೆಸಿಕೊಂಡು ಹೇಳಿದರು: "ಅಂವಾ ನಗಾಕತ್ತಿದ್ದ ಮೇಡಂ. ಅದಕ್ಕ ಬಿಡಲಿಲ್ಲ."

ನಾನು ಏನೋ ಸಮಾಧಾನ ಹೇಳಿದೆ. ಅವರು ಎದ್ದು ಉಳಿದ ಗೂಟವನ್ನೂ ಕಿತ್ತರು.

ಅಲ್ಲಿಂದ ಅವರ ತಾಲೀಮೆಲ್ಲ ತಮ್ಮನ ಕೈಗೆ. ದೇವದುರ್ಗಕ್ಕೇ ಹೋಗಿ ಅವನ ಜೊತೆ ಇರತೊಡಗಿದರು. ನಸುಕಿನಲ್ಲಿ ಎದ್ದು, ಅವನ ಕೈಗೆ ಎಣ್ಣೆ ತಿಕ್ಕಿ, ಬೆರಳನ್ನು ಒಂದೊಂದಾಗಿ ಬಿಡಿಸಿ, ಅಡಿಗೆ ಮಾಡಿಟ್ಟು, ಸಿರವಾರದಲ್ಲಿ ಬಸ್ಸು ಬದಲಿಸಿ ಶಾಲೆಗೆ ಬರುತ್ತಿದ್ದರು. ಬಂದವರೇ ನನಗೆ ವರದಿ ಒಪ್ಪಿಸುತ್ತಿದ್ದರು. "ಇವತ್ತು ಅಂಗೈ ಬಿಸಿ ಇತ್ತು ಮೇಡಂ." "ಚಿವುಟಿದ್ರ ಗೊತ್ತಾತಂತ." ಒಂದು ದಿನ ಸ್ಟಾಫ್ ರೂಮಿನ ಬಾಗಿಲಿನಿಂದಲೇ, "ಮಣಿಕಟ್ಟು ಎತ್ತಿದ! ಒಂದಿಷ್ಟ ಎತ್ತಿದ!" ಎಂದು ಕೂಗಿದರು. ಅವರ ಕಣ್ಣು ಅಷ್ಟು ಹೊಳೆದದ್ದನ್ನು ಪದಕ ಬಂದಾಗಲೂ ನಾನು ನೋಡಿರಲಿಲ್ಲ.

ದಸರಾ ರಜೆಯಲ್ಲಿ ನೋಡಲು ಹೋದೆ. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ಬಡಿಸಿದರು. ಊಟ ಆದ ಮೇಲೆ ತಮ್ಮನನ್ನು ಕೂಡಿಸಿ, "ಮೇಡಂಗ ತೋರಿಸೋ," ಎಂದರು. ಅವನು ಅಕ್ಕನ ಮುಖ ನೋಡಿದ. ಆಮೇಲೆ ತೋಳನ್ನು ಒಂದಿಷ್ಟು ಜಾಡಿಸಿದ. ಕೈ ಮೇಲಕ್ಕೆ ಹಾರಿ ಮತ್ತೆ ಜೋತುಬಿತ್ತು.

"ನೋಡಿದ್ರಾ?" ಎಂದರು ಅವರು. "ನೋಡಿದೆ," ಎಂದೆ.

ಬಸ್ ಸ್ಟ್ಯಾಂಡಿನವರೆಗೆ ತಮ್ಮ ಕಳಿಸಲು ಬಂದ. ಬಸ್ಸು ಬರುವ ಹೊತ್ತಿಗೆ ಮೆಲ್ಲಗೆ ಹೇಳಿದ: "ಮಣಿಕಟ್ಟು ಎತ್ತಾಕ ಬರಂಗಿಲ್ರಿ ಮೇಡಂ. ಮೊದಲಿಂದಾನೂ ಬಂದಿಲ್ಲ. ಭುಜದ ಜೋರಿನ ಮ್ಯಾಲ ಹಾರಿಸ್ತೀನಿ. ಅಕ್ಕ ಆವತ್ತಿನಿಂದ ಸರಿಯಾಗಿ ಉಣ್ಣಂಗಿಲ್ಲ. ಹಿಂಗ ಮಾಡಿದ ದಿನ ಎರಡು ರೊಟ್ಟಿ ತಿಂತಾಳ. ಹೇಳಬ್ಯಾಡ್ರಿ."

ಹೇಳಲಿಲ್ಲ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಒಂದು ಯೋಚನೆ ಹತ್ತಿತು. ಚೀಲ ಹಿಡಿದ ನನ್ನ ಕೈ ಮುಟ್ಟಿ ಕಿರುಬೆರಳಿನ ಕಳ್ಳತನ ಹಿಡಿದ ಹೆಂಗಸಿಗೆ, ದಿನಾ ತಾನೇ ಎಣ್ಣೆ ತಿಕ್ಕುವ ಕೈಯಲ್ಲಿ ಎತ್ತುತ್ತಿರುವುದು ಭುಜವೋ ಮಣಿಕಟ್ಟೋ ಎಂಬುದು ತಿಳಿಯದೇ ಇರುತ್ತದೆಯೇ? ಈ ಮಾತನ್ನು ಅವರ ಹತ್ತಿರ ಎತ್ತುವ ಧೈರ್ಯ ನನಗೆ ಬರಲಿಲ್ಲ. ದಿನದ ವರದಿಗಳು ನಡೆದೇ ಇದ್ದವು. ಬರಬರುತ್ತ ಕಡಿಮೆಯಾದವು. ಆಮೇಲೆ ನಿಂತವು.

ಗ್ಯಾರೇಜನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟರು. ತಮ್ಮ ಅದರ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದ. ಎಂಜಿನ್ನಿನ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಬಿಚ್ಚುವವರು ಬೇರೆ. ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯರು ಅವರ ಪದಕದ ಸುದ್ದಿ ಕೇಳಿ ಬಂದು, ಪಂಜಾ ಕಲಿಸಿರೆಂದು ಕೇಳುತ್ತಿದ್ದರು. "ಖೋ ಖೋ ಆಡ್ರಿ, ಹೋಗ್ರಿ," ಎನ್ನುತ್ತಿದ್ದರು. ಮಣಿಕಟ್ಟಿನ ಪಟ್ಟಿ ತೆಗೆದುಬಿಟ್ಟಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂಡುತ್ತಿದ್ದರು.

ಆಮೇಲೆ ಕಾಮಾಲೆ ಬಂತು. ಮೊದಲು ಹಳ್ಳಿ ಔಷಧ ಕುಡಿದರು. ಕಣ್ಣು ಪೂರ್ತಿ ಹಳದಿಯಾದ ಮೇಲೆ ರಾಯಚೂರಿನ ದವಾಖಾನೆಗೆ ಸೇರಿಸಿದರು. ಆಗಲೇ ತಡವಾಗಿತ್ತು. ನಾನು ನೋಡಲು ಹೋದಾಗ ಹಾಸಿಗೆಗೆ ಅಂಟಿಬಿಟ್ಟಿದ್ದರು. ನನ್ನ ಕೈ ಹಿಡಿದರು. ಹಿಡಿದದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರ. "ತಮ್ಮಗ ಊಟಾತೇನು ಕೇಳ್ರಿ," ಎಂದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು. ಜಾಲಹಳ್ಳಿಯಲ್ಲಿ ತಾಯಿ ತಂದೆಯ ಪಕ್ಕದಲ್ಲೇ ಮಣ್ಣು ಮಾಡಿದರು.

ಶಾಲೆಯ ಸಭೆ ಮುಗಿದ ಕೆಲವು ದಿನಕ್ಕೆ ದೇವದುರ್ಗಕ್ಕೆ ಹೋದೆ. ತಮ್ಮ ಸ್ಟೂಲಿನ ಮೇಲೆ ಕೂತಿದ್ದ. ಚಹಾ ತರಿಸಿದ. ಎಡಗೈಯಲ್ಲಿ ಗ್ಲಾಸು ಹಿಡಿದಿದ್ದ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಬೆರಳು ಒಳಗೆ ಮುದುಡಿಕೊಂಡಿದ್ದವು.

"ಸೆಟಿಯಾಕತ್ತಾವ್ರಿ," ಎಂದ. "ದಿನಾ ಬಿಡಿಸೋರು ಇಲ್ಲಲ್ಲ."

"ನೀನ ಎಡಗೈಲೆ ಬಿಡಿಸ್ಕೋಬೇಕಪ್ಪಾ."

"ಬಿಡಿಸಿ ಏನ್ ಮಾಡ್ಲಿರಿ?" ಎಂದ.

ಚಹಾ ಮುಗಿಯುವವರೆಗೂ ರಸ್ತೆ ನೋಡುತ್ತ ಕೂತಿದ್ದ. ಆಮೇಲೆ ತಾನಾಗಿಯೇ ಹೇಳಿದ: "ದವಾಖಾನ್ಯಾಗ ಅಕ್ಕಗ ಖರೆ ಹೇಳಿಬಿಟ್ಟೆ ಮೇಡಂ. ಸುಳ್ಳು ಹೊತ್ತುಕೊಂಡು ಕಳಸಾಕ ಮನಸಾಗಲಿಲ್ಲ. ಅಕ್ಕಾ, ಕೈ ಒಂದಿನಾನೂ ಎತ್ತಿಲ್ಲ, ನಾನ ಜಾಡಿಸ್ತಿದ್ದೆ ಅಂದೆ."

"ಏನಂದ್ರು?"

"'ಗೊತ್ತದ' ಅಂದ್ಲು. 'ಮೊದಲಿಂದ ಗೊತ್ತದ. ಕೈ ಕೊಡು' ಅಂದ್ಲು." ಗ್ಲಾಸನ್ನು ಕೆಳಗಿಟ್ಟ. "ಕೊಟ್ಟೆ. ಮಲಕೊಂಡಲ್ಲೇ ಕಿರುಬೆರಳಿನಿಂದ ಬಿಡಿಸಾಕ ಹತ್ತಿದ್ಲು. ಒಂದು ಬಿಡಿಸಿ ಒಂದಿಷ್ಟು ತಡೀತಿದ್ಲು, ಮತ್ತೊಂದು ಬಿಡಸ್ತಿದ್ಲು. ಹೆಬ್ಬೆಟ್ಟು ಆಕಿ ಕೈಲೆ ಆಗಲಿಲ್ರಿ. ತಾಕತ್ತ ಉಳಿದಿರಲಿಲ್ಲ. ನಾನ ತಳಗಿಂದ ಎಡಗೈ ಹಚ್ಚಿ ಬಿಡಿಸಿದೆ. ತಾನ ಬಿಡಿಸೀನಿ ಅಂದ್ಕೊಂಡು ಕಣ್ಣು ಮುಚ್ಚಿದ್ಲು."